ಬಿಚ್ಚದ ಮುಷ್ಟಿ

ಕಾಫಿಯ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಅಷ್ಟರಲ್ಲೇ ರೇವಣಸಿದ್ದಪ್ಪನ ಎಡಗೈ ಮುಷ್ಟಿ ಕಟ್ಟಿತು. ಆ ಕೈ ಮೊಣಕೈಯಿಂದ ಕೆಳಗೆ ಇರಲೇ ಇಲ್ಲ; ಹೋಗಿ ತಿಂಗಳುಗಳಾಗಿದ್ದವು. ಮಡಿಚಿ ಪಿನ್ನು ಚುಚ್ಚಿದ ಅಂಗಿಯ ಖಾಲಿ ತೋಳು ಕಣ್ಣೆದುರಿಗೇ ಇತ್ತು. ಆದರೂ ಅಲ್ಲಿ, ಏನೂ ಇಲ್ಲದ ಜಾಗದಲ್ಲಿ, ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಕೂತು ಒತ್ತುತ್ತಿತ್ತು, ಉಗುರುಗಳು ಅಂಗೈಯ ಮಾಂಸಕ್ಕೆ ಇಳಿಯುತ್ತಿದ್ದವು. ಬಿಚ್ಚು ಎಂದರೆ ಬಿಚ್ಚದು. ಇಲ್ಲದ್ದಕ್ಕೆ ಇಷ್ಟು ಹಟವೇ ಎಂದು ಅವನಿಗೆ ಅಸಹ್ಯವಾಯಿತು. ಈಚೆಗೆ ಎಲ್ಲವೂ ಅಸಹ್ಯವೇ. ಪುರಸೈವಾಕ್ಕಂ ಬೀದಿಯಲ್ಲಿ ಬೆಳಗಾಗುವ ಮೊದಲೇ ಗಂಟಲು ಹರಿದುಕೊಳ್ಳುವ ಸ್ಟೇನ್‌ಲೆಸ್ ಪಾತ್ರೆಯವರು ಅಸಹ್ಯ. ನೋಡಲು ಬಂದು, 'ಎಡಗೈ ತಾನೇ, ಬಲಗೈ ಉಳೀತಲ್ಲ' ಎಂದು ಉಂಡು ಹೋಗುವ ಸಮಾಜದ ಹಿರಿಯರು ಅಸಹ್ಯ. 'ಅಪ್ಪಾ, ರೊಂಬ ವಲಿಕ್ಕುದಾ?' ಎಂದು, ನೋವಾಗ್ತದಾ ಎಂಬುದನ್ನು ಕೂಡ ತಮಿಳಿನಲ್ಲೇ ಕೇಳಿ, ಉತ್ತರಕ್ಕೆ ಕಾಯದೆ ಕಾಲೇಜಿಗೆ ಓಡುವ ಮಗಳು ಉಮಾಮಹೇಶ್ವರಿ ಅಸಹ್ಯ. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಗೆಮನೆಯ ಬಾಗಿಲಲ್ಲಿ ಮರದ ಕೊಡತಿ ಹಿಡಿದು ನಿಂತ ಹೆಂಡತಿ ಗಿರಿಜಾದೇವಿ.

"ಬಡೀಲೇನ್ರಿ?" ಎಂದಳು.

ಅವನು ಮೋಟುಗೈಯನ್ನು ಮೇಜಿನ ಮೇಲಿನ ದಿಂಬಿಗೆ ಒರಗಿಸಿದ, ಅಷ್ಟೆ. ಅವಳು ಪಿನ್ನು ಬಿಚ್ಚಿ, ತೋಳು ಮೇಲಕ್ಕೆ ಸರಿಸಿ, ಹೊಲಿಗೆಯ ಗುರುತಿನ ಮೇಲೆ ಬಟ್ಟೆ ಸುತ್ತಿದ ಕೊಡತಿಯಿಂದ ತಟ್ಟತೊಡಗಿದಳು. ಇದು ಡಾಕ್ಟರ್ ಕಮಲಾಕರನ ಮದ್ದು. ಮಂಗಳೂರು ಕಡೆಯ ಹುಡುಗ. ಆಸ್ಪತ್ರೆಗೆ ಬಂದು ವರ್ಷವೂ ಆಗಿರಲಿಲ್ಲ. ಕನ್ನಡದವರು ಸಿಕ್ಕರೆಂದು ಅವನಿಗೆ ಎಲ್ಲಿಲ್ಲದ ಖುಷಿ. "ಇಂಜೆಕ್ಷನ್ ಇನ್ನು ಬೇಡ ಮಾರಾಯ್ರೆ, ಅಭ್ಯಾಸ ಆದ್ರೆ ಮತ್ತೆ ಬಿಡಿಸ್ಲಿಕ್ಕೆ ಕಷ್ಟ. ಯುದ್ಧದಲ್ಲಿ ಕೈಕಾಲು ಕಳಕೊಂಡವರಿಗೆ ವಿಲಾಯತಿಯಲ್ಲಿ ಹೀಗೇ ಬಡಿದು ಬಡಿದು ಗುಣ ಮಾಡಿದ್ದಾರೆ" ಎಂದಿದ್ದ. ಬಡಿದು ಗುಣ ಮಾಡುವುದು! ಅಗಸರ ಬಟ್ಟೆಗೂ ತನಗೂ ಏನು ವ್ಯತ್ಯಾಸ ಎಂದು ರೇವಣಸಿದ್ದಪ್ಪ ಅಲ್ಲೇ ನಕ್ಕಿದ್ದ. ಆ ಹುಡುಗ ನಗಲಿಲ್ಲ. ಇನ್ನೊಂದು ಹೇಳಿದ: "ಎರಡೂ ಕೈ ಒಟ್ಟಿಗೆ ತೆರೀತಿದ್ದೀರಿ ಅಂತ ಗ್ರಹಿಸಿ. ಇದ್ದ ಕೈಯನ್ನೂ ತೆರೀಬೇಕು, ಇಲ್ಲದ್ದನ್ನೂ. ತೆರೆದ ಅಂಗೈ ನಿಮ್ಮ ಕಣ್ಣಿಗೆ ಕಾಣ್ಬೇಕು." ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದ ಗಿರಿಜಾದೇವಿ, ಕೇಳಿಸಿಕೊಂಡವಳಂತೆ ತಲೆಯಾಡಿಸಿದ್ದಳು. ಇವಳಿಗೆ ಏನು ತಿಳಿದೀತು, ಸುಮ್ಮನೆ ತಲೆ ಕುಣಿಸುವುದೊಂದು ಗೊತ್ತು ಎಂದು ಅವನಿಗೆ ಆಗಲೂ ಅನಿಸಿತ್ತು.

"ಮೆಲ್ಲಕ. ಹಪ್ಪಳದ ಹಿಟ್ಟು ಕುಟ್ಟಾಕ ಹತ್ತೀಯೇನು?"

ಅವಳು ಮೆಲ್ಲಗೆ ತಟ್ಟಿದಳು. ಮುಷ್ಟಿ ಇನ್ನೂ ಬಿಗಿಯಿತು. ಅವಳಿಗೆ ಸಿಟ್ಟು ಬರುವುದೇ ಇಲ್ಲವಲ್ಲ ಎಂಬುದು ಅವನಿಗೆ ಎಂದಿನಿಂದಲೂ ಸಹಿಸಲಾಗದ ಸಂಗತಿ. ರಾಣೆಬೆನ್ನೂರಿನಿಂದ ಲಗ್ನವಾಗಿ ಬಂದ ಹೊಸತರಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಜವಳಿ ಅಂಗಡಿಯ ಗಿರಾಕಿಗಳ ಎದುರಿಗೇ ತಾಟು ದೂಡಿದಾಗಲೂ ಹೀಗೇ ನಿಂತಿದ್ದಳು. ತಾಟು ದೂಡಿದ್ದು ಈ ಎಡಗೈಯೇ. ಇಲ್ಲ, ಬಲಗೈ ಇರಬೇಕು. ಯಾವುದಾದರೇನು? ಕೈ ಹೋದ ಮೇಲೆ ತಾನು ಮಾಡಿದ್ದನ್ನೆಲ್ಲ ಆ ಕೈಯ ಲೆಕ್ಕಕ್ಕೆ ಬರೆಯುವ ಚಾಳಿ ಅವನಿಗೆ ಅಂಟಿಕೊಂಡಿತ್ತು. ಬರೆದು ಮುಗಿಸಿ ಕೈ ತೊಳೆದುಕೊಳ್ಳೋಣವೆಂದರೆ ತೊಳೆಯಲು ಇನ್ನೊಂದು ಕೈ ಇರಲಿಲ್ಲ.

ಆ ಕೈಯನ್ನು ಹೂಳಿದವನು ಅವಳ ಅಣ್ಣ ವೀರಪ್ಪ. ಶಿವದಾರ, ವಿಭೂತಿ, ಕಟ್ಟುನಿಟ್ಟು ಎಲ್ಲವೂ ಹದ ಮೀರಿದ ಮನುಷ್ಯ. ವಯಸ್ಸಿನಲ್ಲಿ ದೊಡ್ಡವನೆಂದು ತಂಗಿಯ ಗಂಡನನ್ನು ಮಾವ ಎಂದೇ ಕರೆಯುತ್ತಿದ್ದ. ರೇವಣಸಿದ್ದಪ್ಪನಿಗೆ ಇನ್ನೂ ಎಚ್ಚರವಾಗುವ ಮೊದಲೇ ಆಸ್ಪತ್ರೆಯವರ ಕಾಲು ಹಿಡಿದು, 'ನಾವು ಸುಡೂ ಮಂದಿ ಅಲ್ಲ, ಹೂಳೂ ಮಂದಿ' ಎಂದು ಕಾಡಿ ಬೇಡಿ ಅದನ್ನು ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೋಗಿದ್ದ. ಸತ್ತವರನ್ನು ಕೂರಿಸಿ ಹೂಳುವಾಗ ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಇಲ್ಲಿ ಕೈ ಮಾತ್ರ ಸತ್ತಿತ್ತು, ಲಿಂಗದ ಒಡೆಯ ಬದುಕಿದ್ದ. ಏನು ಮಾಡುವುದು? ಬುದ್ಧಿವಂತ ವೀರಪ್ಪ ಲಿಂಗದ ಬದಲು ಒಂದು ವಿಭೂತಿ ಗಟ್ಟಿ ಇಟ್ಟು, ಅದು ಜಾರದಂತೆ ಬೆರಳುಗಳನ್ನು ಮಡಿಚಿ, ದಾರ ಸುತ್ತಿ ಮಣ್ಣು ಮಾಡಿದ್ದ. ತಿಂಗಳು ಕಳೆದ ಮೇಲೆ, ಮುಷ್ಟಿ ಬಿಚ್ಚುತ್ತಿಲ್ಲವೆಂದು ರೇವಣಸಿದ್ದಪ್ಪ ನರಳುವುದನ್ನು ಕಂಡು ಮುಖ ಬಿಳಿಚಿಕೊಂಡ. "ಮಾವ, ತಪ್ಪು ನಂದ. ಮುಷ್ಟಿ ಕಟ್ಟಿಸಿ ಹೂಳಿದೆ. ತೆಗದು ಬಿಚ್ಚಿ ಇಟ್ಟ್ರ ಎಲ್ಲಾ ಸರಿ ಆಕ್ಕೈತಿ" ಎಂದ. ಆ ದಿನ ರೇವಣಸಿದ್ದಪ್ಪ ಹೊಟ್ಟೆ ಹಿಡಿದು ನಕ್ಕಿದ್ದು ಕೆಳಗಿನ ಅಂಗಡಿಗೂ ಕೇಳಿತ್ತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದಿತ್ತು. ಏಕೆಂದರೆ ಮುಷ್ಟಿ ಕಟ್ಟಿದ್ದು ಯಾವಾಗ ಎಂಬುದು ಅವನಿಗೆ ಗೊತ್ತಿತ್ತು. ವೀರಪ್ಪನ ದಾರಕ್ಕೆ ಬಹಳ ಮೊದಲು. ಅವನಿಗೆ ಗೊತ್ತಿತ್ತು, ಮತ್ತೆ ಗಿರಿಜಾದೇವಿಗೆ.

ಅವತ್ತು, ಸಿನೆಮಾ ಸ್ಟುಡಿಯೋಗಳಿರುವ ಕೋಡಂಬಾಕ್ಕಂ ಕಡೆಗೆ ಹೋಗುವ ಬಸ್ಸು. ನೆಂಟರ ಮನೆಯ ತೊಟ್ಟಿಲು ಶಾಸ್ತ್ರ. ಕಿಟಕಿಯ ಪಕ್ಕ ಅವನು, ಅವನ ಬಲಕ್ಕೆ ಅವಳು, ತೊಡೆಯ ಮೇಲೆ ಉಡುಗೊರೆಯ ಕುಪ್ಪಸದ ಕಣದ ಗಂಟು. ಅವನ ಎಡ ಮೊಣಕೈ ಕಿಟಕಿಯಿಂದ ಹೊರಗಿತ್ತು. "ಕೈ ಒಳಗ ತಗೋರಿ" ಎಂದಳು. ಎಂದೂ ಗಟ್ಟಿಯಾಗಿ ಮಾತಾಡದವಳು ಅವತ್ತು ಬಸ್ಸಿನ ಸದ್ದಿಗೆ ದನಿ ಏರಿಸಿದ್ದಳು. ಕಂಡಕ್ಟರ್ ಹಲ್ಲು ಕಿರಿದು, "ಅಮ್ಮಾ ಸೊಲ್ರದೆ ಕೇಳುಂಗ ಸಾರ್" ಎಂದ. ಅಮ್ಮನ ಮಾತು ಕೇಳಿ! ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಬರೀ ಮೊಣಕೈ ಹೊರಗಿದ್ದದ್ದು ಆಗ ಇಡೀ ಕೈ ಹೊರಗೆ ಹೋಯಿತು. ನೀನು ಯಾವಳು ನನಗೆ ಹೇಳಲು ಎಂದು ಬಾಯಿ ಅನ್ನಲಿಲ್ಲ, ಕೈ ಅಂದಿತು. ಅವಳಿಗೆ ಕಾಣುವ ಹಾಗೆ ಚಾಚಿ, ಮುಷ್ಟಿ ಬಿಗಿದ. ರಸ್ತೆಯ ಅಂಚಿನಲ್ಲಿ ಕಬ್ಬಿಣದ ಸರಳು ಹೇರಿದ ಎತ್ತಿನ ಗಾಡಿ ನಿಂತಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ವೀರಪ್ಪ ಎದುರಿಗಿದ್ದ. ಹೇಗಾಯಿತು ಎಂದು ಕೇಳಿದ. ರೇವಣಸಿದ್ದಪ್ಪನ ಬಾಯಿ ತಾನಾಗಿಯೇ ಹೇಳಿತು: "ಸ್ಟುಡಿಯೋ ಯಾವ್ದು ತೋರಸ್ರಿ ಅಂದ್ಲು ಇಕಿ. ಕೈ ಚಾಚಿ ತೋರಿಸಿದೆ." ಎಷ್ಟು ಸಲೀಸಾಗಿ ಬಂತು! ಸುಳ್ಳು ಎಂದು ಅನ್ನಿಸಲೇ ಇಲ್ಲ. ಗಿರಿಜಾದೇವಿ ಮಂಚದ ಕಾಲ ಬಳಿ ನಿಂತಿದ್ದಳು. ಅವನು ಅವಳ ಕಡೆ ನೋಡಿದ. ಅವಳು ಹಾಸಿಗೆಯ ಸುಕ್ಕು ತೆಗೆದಳು. ಅಂದಿನಿಂದ ಸಮಾಜದ ಹೆಂಗಸರ ಬಾಯಲ್ಲೆಲ್ಲ ಅದೇ ಮಾತು: ಸಿನೆಮಾ ಹುಚ್ಚಿನವಳು, ಗಂಡನ ಕೈ ತಿಂದವಳು. ಅವಳು ಒಂದು ಸಿನೆಮಾವನ್ನೂ ನೋಡಿದವಳಲ್ಲ. ಯಾರಿಗೂ ಏನೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ. ಒಮ್ಮೆ ಬಾಯಿ ಬಿಟ್ಟು ಬೈದಿದ್ದರೆ ತಾನೂ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಅದಕ್ಕೂ ಅವಳು ಅವಕಾಶ ಕೊಡಲಿಲ್ಲ.

"ಒಂದ್ ಮಾತು ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ" ಎಂದಳು ಈಗ, ಕೊಡತಿ ಕೆಳಗಿಟ್ಟು.

"ಏನು?"

"ಪೂಜಿ ಕೋಣ್ಯಾಗ ಬರ್ರಿ."

ಕೈ ಹೋದ ಮೇಲೆ ಅವನು ಪೂಜೆ ಬಿಟ್ಟಿದ್ದ. ಲಿಂಗ ಎದೆಯ ಮೇಲೆ ಬೆಳ್ಳಿಯ ಗುಂಡಗಡಿಗೆಯೊಳಗೆ ಹಾಗೇ ತೂಗುತ್ತಿತ್ತು. ಎಡ ಅಂಗೈಯೇ ಲಿಂಗದ ಪೀಠ; ಪೀಠವೇ ಇಲ್ಲದವನಿಗೆ ಎಂಥ ಪೂಜೆ? ಮಣೆಯ ಮೇಲಿಟ್ಟು ಮಾಡಬಹುದೆಂದು ಮಠದ ಅಯ್ಯನವರು ಹೇಳಿ ಕಳಿಸಿದ್ದರು. ರೇವಣಸಿದ್ದಪ್ಪ ಒಳಗೊಳಗೆ ಹಿಗ್ಗಿದ್ದ. ಅಷ್ಟು ವರ್ಷ ಅವನು ಪೂಜೆ ಮಾಡುತ್ತಿದ್ದದ್ದು ಗಿರಾಕಿಗಳಿಗಾಗಿ, ಹಣೆಯ ಮೇಲೆ ವಿಭೂತಿ ಕಂಡರೆ ಸಮಾಜದವರು ಜವಳಿ ಬೇರೆ ಅಂಗಡಿಯಲ್ಲಿ ಕೊಳ್ಳುವುದಿಲ್ಲವೆಂದು. ಈಗ ಒಂದು ಕೆಲಸ ತಪ್ಪಿತು. ಆದರೆ ನೋವು ಭುಜದವರೆಗೆ ಏರಿ ಹಲ್ಲು ಕಚ್ಚುವಂತಾಗಿತ್ತು. ಎದ್ದು ಅವಳ ಹಿಂದೆ ಹೋದ, ಮನಸ್ಸಿನಲ್ಲೇ ಬೈಯುತ್ತ.

ಅವಳು ಅವನನ್ನು ಮಣೆಯ ಮೇಲೆ ಕೂರಿಸಿದಳು. ತಾನು ಅವನ ಎಡಕ್ಕೆ, ತುಸು ಹಿಂದೆ, ಮೈಗೆ ಮೈ ತಾಗುವಷ್ಟು ಹತ್ತಿರ ಕೂತಳು. ಮೇಲಕ್ಕೆ ಸರಿಸಿದ್ದ ಖಾಲಿ ತೋಳನ್ನು ಬಿಡಿಸಿದಳು. ಆಮೇಲೆ ತನ್ನ ಎಡಗೈಯನ್ನು ಮೋಟುಗೈಯ ಕೆಳಗಿನಿಂದ ತೂರಿಸಿ, ಅದರ ಮೇಲೆ ಅವನ ಅಂಗಿಯ ತೋಳನ್ನು ಇಳಿಬಿಟ್ಟಳು. ಅವನ ಕೈ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿ ಅವಳ ಅಂಗೈ ಮೇಲ್ಮುಖವಾಗಿ ತೆರೆದುಕೊಂಡು ನಿಂತಿತು. ಬಳೆಗಳನ್ನು ಮೊದಲೇ ಮೇಲಕ್ಕೆ ಸರಿಸಿಕೊಂಡಿದ್ದಳು.

"ಇಡ್ರಿ" ಎಂದಳು.

"ಹುಚ್ಚು ಹಿಡದೈತೇನು ನಿನಗ? ಒಬ್ಬರ ಲಿಂಗ ಇನ್ನೊಬ್ಬರ ಅಂಗೈಗೆ ಬರಬಾರದು ಅಂತ ನೀನ ಸಾವಿರ ಸಲ ಹೇಳ್ತಿದ್ದಿ."

"ಹೌದ್ರಿ. ಡಾಕ್ಟರ್ ಅಂದಿದ್ರಲ್ಲ, ತೆರದ ಕೈ ಕಣ್ಣಿಗೆ ಕಾಣಬೇಕಂತ. ನಿಮ್ಮ ಕಣ್ಣು ಅಂಗೈ ಮ್ಯಾಲೆ ನಿಲ್ಲೂದು ಇದೊಂದು ಹೊತ್ತಿನಾಗ. ಪಾಪ ಬಂದ್ರ ನನಗ ಬರಲಿ. ಅಣ್ಣಗ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೋತಾನ."

ಇವಳ ತಲೆಯಿಂದ ಇಂಥದ್ದು ಹೊರಟಿತಲ್ಲ ಎಂದು ನಗು ಬಂತು. ನಗುತ್ತಲೇ ಗುಂಡಗಡಿಗೆ ತೆರೆದು ಲಿಂಗವನ್ನು ಆ ಅಂಗೈಯಲ್ಲಿಟ್ಟ. ಬಲಗೈಯಿಂದ ನೀರು ಎರೆದ. ವಿಭೂತಿ ಹಚ್ಚಿದ. ಪತ್ರಿ ಇಟ್ಟ. ವರ್ಷಗಳ ರೂಢಿ ಬಲಗೈಯಲ್ಲಿ ತಾನಾಗಿಯೇ ನಡೆಯಿತು. ಕಣ್ಣು ರೂಢಿಯಂತೆ ಲಿಂಗದ ಮೇಲೆ ನಿಂತಿತು. ಅಂಗಿಯ ತೋಳಿನ ಕೊನೆಯಲ್ಲಿ ಒಂದು ಅಂಗೈ, ಅದರಲ್ಲಿ ಲಿಂಗ, ಬೆರಳ ಸಂದಿನಲ್ಲಿ ಇಳಿಯುವ ನೀರು. ನೀರು ತಣ್ಣಗಿತ್ತು. ತಣ್ಣಗಿದೆ ಎಂದು ತನಗೆ ತಿಳಿದದ್ದು ಹೇಗೆ? ಅವನು ಉಸಿರು ಹಿಡಿದ. ಇಲ್ಲದ ಅಂಗೈಯ ನಡುವೆ ತಂಪು ಹರಡುತ್ತಿತ್ತು. ಹೆಬ್ಬೆರಳು ಎದ್ದಿತು. ಕಿರುಬೆರಳು ಸಡಿಲವಾಯಿತು. ಅಷ್ಟು ದಿನ ಮಾಂಸದೊಳಗೆ ಕೂತಿದ್ದ ಉಗುರುಗಳು ಒಂದೊಂದಾಗಿ ಹೊರಬಂದವು, ಮತ್ತು ಅವನು, ಪುರಸೈವಾಕ್ಕಂನ ಜವಳಿ ವ್ಯಾಪಾರಿ ರೇವಣಸಿದ್ದಪ್ಪ, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿಯ ಕೈ ಅಲುಗಲಿಲ್ಲ. ನೋವು ಹೋಗಿತ್ತು.

ಅಳುವುದು ಮುಗಿದ ಕೂಡಲೇ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು. ಎದ್ದು ಅಂಗಡಿಗೆ ಇಳಿದ. ಅವತ್ತು ಅವನ ನಾಲಿಗೆಗೆ ಹುರುಪು ಬಂದಿತ್ತು. ಸೀರೆ ಆರಿಸಲು ಗಂಟೆಗಟ್ಟಲೆ ಕೂತ ಹೆಂಗಸರ ಮೇಲೆ, ಬಣ್ಣ ಹೋಗುತ್ತದೆಯೇ ಎಂದು ಕೇಳಿದ ಮುದುಕನ ಮೇಲೆ, ಬಿಳುಪು ಮಾಡದ ಕೋರಾ ಬಟ್ಟೆಯನ್ನು ಓರೆಯಾಗಿ ಹರಿದ ಕೆಲಸದ ಸದಾನಂದನ ಮೇಲೆ ಹರಿಹಾಯ್ದ. ಒಂದು ಕಾಲಕ್ಕೆ ಬಟ್ಟೆ ಹರಿಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ: ಅಂಚಿಗೆ ಕತ್ತರಿಯ ಗಾಯ ಮಾಡಿ, ಎರಡೂ ಕೈಯಿಂದ ಎಳೆದರೆ ಸರ್ರನೆ ನೂಲಿಗೆ ನೂಲು ಬಿಡುತ್ತಿತ್ತು. ಈಗ ಹಾಗೆ ಹರಿಯಬೇಕೆಂದರೆ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಬೇಕು. ಒಮ್ಮೆ ಕಚ್ಚಿದ್ದ, ಗಿರಾಕಿಯ ಮಗು ನಕ್ಕಿತ್ತು. ಆದರೂ ಇವತ್ತು ಎಲ್ಲವನ್ನೂ ಮೇಲಿನಿಂದ ನೋಡುವ ಸುಖ ಮರಳಿ ಬಂದಿತ್ತು. ಹೆಂಡತಿಯ ಕೈ ನೆನಪಾದಾಗ ಮಾತ್ರ ಒಳಗೆ ಏನೋ ಕಸಿವಿಸಿ. ಇನ್ನು ದಿನಾ ಅವಳ ಪಕ್ಕ ಕೂರಬೇಕೇ? ಅವಳಿಗೆ ಹೊತ್ತಾದಾಗ ಕಾಯಬೇಕೇ? ಅಡಿಗೆಮನೆಯ ಬಾಗಿಲಲ್ಲಿ ಹೋಗಿ ನಿಂತು, ಬಾ ಎಂದು ಕರೆಯಬೇಕೇ? ಇಂಥ ಗುಣವಾಗುವುದಕ್ಕಿಂತ ಕೊಡತಿಯ ಏಟೇ ಮರ್ಯಾದೆಯದ್ದು ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ವೀರಪ್ಪ ಬಂದ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ. ಕೂರುವ ಮೊದಲೇ ಶುರು ಮಾಡಿದ. "ಮಾವ, ಎಲ್ಲಾ ಮಾತಾಡಿ ಬಂದೀನಿ. ನಾಳೆ ಮುಂಜಾನೆ ಅಯ್ಯನೋರು ಬರ್ತಾರ. ನಮ್ಮ ರುದ್ರಭೂಮಿಯಾಗ ಆ ಜಾಗಾ ಅಗದು, ಮುಷ್ಟಿ ಬಿಚ್ಚಿ, ಮತ್ತ ಮಣ್ಣು ಕೊಟ್ಟುಬಿಡೂಣು."

"ಬಿಚ್ಚಾಕ ಅಲ್ಲೇನು ಉಳದಿರತೈತಿ ವೀರಪ್ಪ? ಎಲಬು ಎಣಿಸಿಕೊಂಡು ಬರ್ತೀಯೇನು?" ರೇವಣಸಿದ್ದಪ್ಪ ಕುರ್ಚಿಗೆ ಒರಗಿದ. "ಏನೂ ಬ್ಯಾಡ. ಇವತ್ತ ಮುಂಜಾನೆ ಬಿಚ್ಚಿತು. ಕೊಡತಿ ಕೆಲಸ ಮಾಡ್ತು. ಸೈನ್ಸು. ಇದರಾಗ ನಿಮ್ಮ ವಿಭೂತಿ ಇಲ್ಲ, ಪತ್ರಿ ಇಲ್ಲ."

ಗಿರಿಜಾದೇವಿ ಹಾಲಿನ ಲೋಟ ತಂದು ಅಣ್ಣನ ಮುಂದಿಟ್ಟಳು. ಅಣ್ಣನಿಗೆ ಹೇಳಬೇಡವೆಂದವಳು ಅವಳೇ. ತಾನು ಅವಳ ಮಾತನ್ನೇ ನಡೆಸುತ್ತಿದ್ದೇನೆ ಎಂದು ರೇವಣಸಿದ್ದಪ್ಪನಿಗೆ ಸಮಾಧಾನವಾಯಿತು. ಅವಳೂ ತಲೆ ತಗ್ಗಿಸಿ ಗೋಡೆಗೆ ಒರಗಿ ನಿಂತಳು.

ವೀರಪ್ಪ ಕೈ ಮುಗಿದ. "ಹೆಂಗರ ಆಗಲಿ, ಶಿವನ ದಯಾ." ಆಮೇಲೆ ತಂಗಿಯ ಕಡೆ ತಿರುಗಿದ. "ನೋಡವಾ ಗಿರಿಜವ್ವ, ಇನ್ನರ ಮೈಮ್ಯಾಲೆ ಎಚ್ಚರ ಇಟ್ಟುಕೊಂಡು ಗಂಡನ ಸೇವಾ ಮಾಡು. ನಿನ್ನ ಸಿನೆಮಾ ಹುಚ್ಚಿಗೆ ಹೋದ ಕೈ ಅದು. ಮಂದಿ ಮುಂದ ತಲಿ ಎತ್ತಾಕ ಆಗದಂಗ ಮಾಡಿದಿ."

ಗಿರಿಜಾದೇವಿ ತಲೆ ಎತ್ತಿ ಗಂಡನನ್ನು ನೋಡಿದಳು. ಕೇಳಿಕೊಳ್ಳುವ ನೋಟವಲ್ಲ. ಸುಮ್ಮನೆ ನೋಡಿದಳು, ಏನು ಹೇಳುತ್ತಾನೋ ನೋಡೋಣ ಎಂಬ ಹಾಗೆ. ರೇವಣಸಿದ್ದಪ್ಪ ಕಿಟಕಿಯ ಹೊರಗೆ ಬೀದಿ ದೀಪ ಹತ್ತಿಕೊಳ್ಳುವುದನ್ನು ಗಮನಿಸಿದ. "ಹೋಗ್ಲಿ ಬಿಡು ವೀರಪ್ಪ, ಹೆಣ್ಣುಮಕ್ಕಳ ಬುದ್ಧಿ" ಎಂದ. ಅಂದಾಗ ದನಿಯಲ್ಲಿ ಔದಾರ್ಯವೂ ಇತ್ತು. ಅವಳು ಒಳಗೆ ಹೋದಳು.

ಅವಳು ಹೋದ ಬೆನ್ನಿಗೇ ಕಿರುಬೆರಳು ಮಡಿಚಿಕೊಂಡಿತು. ಅವನು ವೀರಪ್ಪನ ಮಾತಿಗೆ ಹೂಂ ಎನ್ನುತ್ತಲೇ ಇದ್ದ. ಉಂಗುರದ ಬೆರಳು. ನಡುವಿನ ಬೆರಳು. ಹೆಬ್ಬೆರಳು ಬಂದು ಮೇಲೆ ಕೂತಿತು. ಬೆಳಗಿನಿಂದ ಬಿಡುವು ಸಿಕ್ಕಿದ್ದರಿಂದಲೋ ಏನೋ, ಈ ಸಲದ ಹಿಡಿತ ಎಂದಿನದ್ದಲ್ಲ. ಅಂಗೈ ತೂತಾಗಿ ಉಗುರುಗಳು ಆ ಕಡೆ ಬಂದವೆನ್ನಿಸಿತು. ಬೆವರು ಕಿತ್ತುಕೊಂಡಿತು. "ಪೂಜಿ ಹೊತ್ತಾತು" ಎಂದು ಎದ್ದ. ಕೈ ಹೋದಂದಿನಿಂದ ಪೂಜೆಯ ಸುದ್ದಿ ಎತ್ತದವನು ಹಾಗೆಂದದ್ದಕ್ಕೆ ವೀರಪ್ಪ ಭಕ್ತಿಯಿಂದ ಇನ್ನೊಮ್ಮೆ ಕೈ ಮುಗಿದ.

ಅವಳು ಪೂಜೆಯ ಕೋಣೆಯಲ್ಲೇ ಇದ್ದಳು, ತನ್ನ ಪೂಜೆ ಮುಗಿಸಿ. ಎರಡು ಮಣೆ ಹಾಕಿದ್ದಳು. ಅದನ್ನು ಕಂಡು ಅವನಿಗೆ ಎಷ್ಟು ಹಾಯೆನಿಸಿತೋ ಅಷ್ಟೇ ತಾತ್ಸಾರವೂ ಆಯಿತು. ಪಾಪದ ಪ್ರಾಣಿ, ಎಷ್ಟು ಬೈದರೂ ಮಣೆ ಹಾಕಿ ಕಾಯುತ್ತದೆ. ಕೂತ. ಅವಳು ಎಡಕ್ಕೆ ಬಂದು ಕೂತು, ಪಿನ್ನು ತೆಗೆದು, ಬೆಳಗಿನಂತೆಯೇ ಕೈ ತೂರಿಸಿ ಅಂಗಿಯ ತೋಳು ಇಳಿಬಿಟ್ಟಳು. ಅವನು ಲಿಂಗ ತೆಗೆದು ಕೆಳಗೆ ನೋಡಿದ. ತೋಳಿನ ಕೊನೆಯಲ್ಲಿ ಮುಷ್ಟಿ ಇತ್ತು.

"ತೆರಿ" ಎಂದ.

ತೆರೆಯಲಿಲ್ಲ.

"ಗಿರಿಜಾ, ಜೀವಾ ಹೋಗಾಕ ಹತ್ತೈತಿ. ತೆರಿ."

"ತೆರೀತೀನ್ರಿ. ಬಸ್ಸಿನಾಗ ನಾ ಏನಂದಿದ್ದೆ, ಅಣ್ಣಗ ಕೇಳೂ ಹಂಗ ಹೇಳ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕಿ ತೀರಿದೆ ಎಂದು ಹೇಳುವಾಗಿನ ದನಿ ಅದು. ಅವನು ಲಿಂಗವನ್ನು ಮಡಿಲಲ್ಲಿಟ್ಟು ಬಲಗೈಯಿಂದ ಅವಳ ಬೆರಳು ಬಿಡಿಸಲು ಹೋದ. ಇಷ್ಟು ವರ್ಷ ಅವನಿಗಾಗಿ ಜೋಳದ ರೊಟ್ಟಿ ಬಡಿದ ಕೈ. ಒಂದು ಬೆರಳೂ ಜಗ್ಗಲಿಲ್ಲ. ಬಿಡಿಸಲು ಎರಡು ಕೈ ಬೇಕಿತ್ತು. ಕಣ್ಣು ಆ ಮುಷ್ಟಿಯ ಮೇಲೆ ನಿಂತಷ್ಟೂ ಇಲ್ಲದ ಮುಷ್ಟಿ ಬಿಗಿಯುತ್ತ ಹೋಯಿತು. ಯಾವುದು ಅವಳದ್ದು, ಯಾವುದು ತನ್ನದು ಎಂದೇ ತಿಳಿಯದಾಯಿತು. ಅವತ್ತು ಕಿಟಕಿಯ ಹೊರಗೆ ಅವಳಿಗೆ ತೋರಿಸಿದ ಮುಷ್ಟಿಯೇ ಈಗ ತನ್ನ ಅಂಗಿಯ ತೋಳಿನಿಂದ ಹೊರಟು ತನ್ನನ್ನು ನೋಡುತ್ತಿತ್ತು.

"ಕೈ ಒಳಗ ತಗೋರಿ ಅಂದಿದ್ದಿ" ಎಂದ, ತುಟಿಯೊಳಗೆ.

"ಅಣ್ಣಗ ಕೇಳ್ಲಿಲ್ಲ."

ಹೊರಗೆ ವೀರಪ್ಪ ಹಾಲು ಹೀರುವ ಸದ್ದು ಬರುತ್ತಿತ್ತು. ಆ ಪೆದ್ದನ ಎದುರಿಗೆ! ನಾಳೆ ಇದು ಮಠಕ್ಕೆ ಹೋಗುತ್ತದೆ, ಅಂಗಡಿಗೆ ಬರುತ್ತದೆ, ಕಂಡಕ್ಟರನಂತೆ ಎಲ್ಲರೂ ಹಲ್ಲು ಕಿರಿಯುತ್ತಾರೆ. ಎದ್ದು ಹೋಗಿಬಿಡಬೇಕು ಎಂದುಕೊಂಡ. ಉಗುರುಗಳು ಇನ್ನೊಂದು ಎಳೆ ಒಳಗಿಳಿದವು.

"ಇಕಿ ಏನೂ ತೋರಸು ಅನ್ನಲಿಲ್ಲ!" ಎಂದು ಒದರಿದ. "ಕೇಳ್ತೈತೇನೋ ವೀರಪ್ಪ? ಕೈ ಒಳಗ ತಗೋರಿ ಅಂದಿದ್ಲು! ನಾನ, ನಾನ ಬೇಕಂತ ಚಾಚಿದೆ! ಇಕಿಗೆ ತೋರಸಾಕ ಚಾಚಿದೆ!"

ಹಾಲು ಹೀರುವ ಸದ್ದು ನಿಂತಿತು. ಲೋಟವನ್ನು ನೆಲಕ್ಕಿಟ್ಟದ್ದು ಕೇಳಿಸಿತು.

ಮುಷ್ಟಿ ಬಿಚ್ಚಿಕೊಂಡಿತು. ಅವಳ ಅಂಗೈಯಲ್ಲಿ ಉಗುರು ಕಚ್ಚಿದ ಗುರುತುಗಳು ಕೆಂಪಗೆ ಸಾಲಾಗಿ ಮೂಡಿದ್ದವು. ಬಾಗಿಲ ಹತ್ತಿರ ವೀರಪ್ಪನ ನೆರಳು ಬಂದು ನಿಂತಿತು. ಅವನು ಎಲ್ಲವನ್ನೂ ನೋಡುತ್ತಿದ್ದ, ತಂಗಿಯ ಅಂಗೈಯಲ್ಲಿ ಮಾವನ ಲಿಂಗ ಕೂರುವುದನ್ನೂ ನೋಡಿದ. ಅವಳು ಕೈ ಹಿಂದೆಗೆಯಲಿಲ್ಲ. ರೇವಣಸಿದ್ದಪ್ಪ ನೀರು ಎರೆದ. ತಂಪು ಬಂತು. ಹೆಬ್ಬೆರಳು ಎದ್ದಿತು, ಬೆರಳುಗಳು ಸಡಿಲವಾದವು. ಎದೆಯ ಮೇಲಿನ ಒಂದು ದೊಡ್ಡ ಕಲ್ಲನ್ನು ಇಳಿಸಿದವನಿಗೆ ಸಲ್ಲುವುದೇನಾದರೂ ಇದ್ದೇ ಇರಬೇಕೆಂದು, ಕಣ್ಣೀರೋ, ಕ್ಷಮೆಯೋ, ಹೋಗಲಿ ಒಂದು ಮೆದು ನೋಟವೋ ಎಂದು, ತಿರುಗಿ ಹೆಂಡತಿಯ ಮುಖ ನೋಡಿದ.

ಅಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿದ್ದದ್ದನ್ನು ಅವನು ಕೂಡಲೇ ಗುರುತಿಸಿದ. ಲಗ್ನವಾದಂದಿನಿಂದ ಅವಳನ್ನು ನೋಡುವಾಗ ತನ್ನ ಮುಖ ಹೇಗಿರುತ್ತಿತ್ತು ಎಂಬುದು ಅವನಿಗೆ ಇವತ್ತು ಮೊದಲ ಸಲ ಕಾಣಿಸಿತು.

"ಲಗೂ ಮುಗಸ್ರಿ" ಎಂದಳು ಗಿರಿಜಾದೇವಿ. "ಒಲಿ ಮ್ಯಾಲೆ ಅನ್ನ ಐತಿ."

ಅವನು ತಲೆ ತಗ್ಗಿಸಿ ಪತ್ರಿ ಹುಡುಕಿದ. ಅಂಗೈ ಕೆಳಗೆ ತೆರೆದೇ ಇತ್ತು. ನೋವು ಎಲ್ಲೂ ಇರಲಿಲ್ಲ.